ಪುಕ್ಕಟೆ ಪ್ರವಾಸದ ಪತ್ರ

‘ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು’ ಎಂಬ ಗಾದೆಯನ್ನು ಕೇಳಿ ನಗದವರಿಲ್ಲ. ಆ ನಗೆಯ ಹಿಂದಿರುವ ಎಚ್ಚರಿಕೆಯನ್ನು ನೆನಪಿನಲ್ಲಿಟ್ಟುಕೊಳ್ಳುವವರು ಮಾತ್ರ ವಿರಳ. ತಾನು ದುಡಿದು ತಂದ ಹಣವನ್ನು ಹತ್ತು ಬಾರಿ ಎಣಿಸಿ ಕೊಡುವ ಗೃಹಸ್ಥನೂ, ತಾನಾಗಿ ಬಂದ ಬಹುಮಾನದ ಮುಂದೆ ಲೆಕ್ಕವನ್ನು ಮರೆಯುತ್ತಾನೆ. ಮನುಷ್ಯಸ್ವಭಾವದ ಈ ಮರೆವನ್ನೇ ಬಂಡವಾಳ ಮಾಡಿಕೊಂಡು ಬದುಕುವವರ ಒಂದು ಕುಶಲ ಕೈಗಾರಿಕೆಯೇ ಇಂದು ನಮ್ಮ ನಡುವೆ ನಡೆದಿದೆ.

ಬೆಂಗಳೂರಿನ ಪೂರ್ವಭಾಗದಲ್ಲಿರುವ ವಿಮಾನಪುರದ ಹೆಸರು ಅನ್ವರ್ಥವಾದುದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಮಗ್ಗುಲಲ್ಲಿ ಬೆಳೆದ ಬಡಾವಣೆಯಿದು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯುವವರೆಗೆ ಊರಿನ ಪ್ರಯಾಣಿಕ ವಿಮಾನಗಳು ಏರುತ್ತಿದ್ದುದು, ಇಳಿಯುತ್ತಿದ್ದುದು ಇಲ್ಲಿಯೇ. ವಿಮಾನವನ್ನು ಕಟ್ಟಿದವರು, ದುರಸ್ತಿ ಮಾಡಿದವರು, ದಿನವೂ ತಲೆಯ ಮೇಲೆ ಅದರ ಸದ್ದನ್ನು ಕೇಳಿದವರು ಈ ಸೀಮೆಯಲ್ಲಿ ಅನೇಕರು. ಆದರೂ, ಹೆಂಡತಿ ಮಕ್ಕಳೊಡನೆ ವಿಮಾನವೇರಿ ದೂರದ ಕಡಲತೀರಕ್ಕೆ ಹೋಗಿಬರುವುದು ಮಧ್ಯಮವರ್ಗದ ಮನೆಗೆ ಇಂದಿಗೂ ವರ್ಷಗಟ್ಟಲೆ ಮುಂದೂಡಿದ ಆಸೆಯೇ ಆಗಿರುವುದುಂಟು. ಇಂಥ ಮನೆಯ ಬಾಗಿಲಿಗೆ ಒಂದು ದಪ್ಪ ಲಕೋಟೆ ಬರುತ್ತದೆ: ‘ಅಭಿನಂದನೆಗಳು! ತಮ್ಮ ಕುಟುಂಬಕ್ಕೆ ಉಚಿತ ವಿದೇಶಪ್ರವಾಸದ ಬಹುಮಾನ ಬಂದಿದೆ!’

ಈ ಲಕೋಟೆಯ ವೇಷವನ್ನು ಗಮನಿಸಬೇಕು. ನುಣುಪಾದ ಕಾಗದ, ಹೊಂಬಣ್ಣದ ಮುದ್ರೆ, ತೆಂಗಿನ ಮರ ಮತ್ತು ನೀಲಿ ಸಮುದ್ರದ ಚಿತ್ರ, ಕ್ರಮಸಂಖ್ಯೆಯಿರುವ ಪ್ರಶಸ್ತಿಪತ್ರ, ನಾಣ್ಯದಿಂದ ಗೀರಿದರೆ ಅಂಕಿ ತೋರುವ ಚೀಟಿ, ಕೆಳಗೆ ಓದಲಾಗದ ರುಜು. ಬಂದದ್ದು ಸ್ಪೀಡ್ ಪೋಸ್ಟಿನಲ್ಲಾದರೆ ಗೌರವ ಮತ್ತಷ್ಟು ಹೆಚ್ಚುತ್ತದೆ. ಅಂಚೆಯವನು ಸಹಿ ಮಾಡಿಸಿಕೊಂಡು ಕೊಟ್ಟ ಕಾಗದ ಸುಳ್ಳಾದೀತೆ ಎಂಬ ಭಾವನೆ ಹಳೆಯ ತಲೆಮಾರಿನಲ್ಲಿ ಬೇರೂರಿದೆ. ಮನಿ ಆರ್ಡರು, ಕೆಲಸದ ಆದೇಶ, ಮದುವೆಯ ಕರೆಯೋಲೆ, ಎಲ್ಲವನ್ನೂ ತಪ್ಪದೆ ತಂದವನು ಅವನೇ ಅಲ್ಲವೆ? ಆದರೆ ಅಂಚೆಯ ಇಲಾಖೆ ಹೊಣೆಹೊರುವುದು ಪತ್ರವನ್ನು ತಲಪಿಸುವುದಕ್ಕೆ ಮಾತ್ರ, ಪತ್ರದೊಳಗಿನ ಮಾತಿಗಲ್ಲ. ಲಕೋಟೆಯನ್ನು ತಂದವನ ಪ್ರಾಮಾಣಿಕತೆಯನ್ನು ಲಕೋಟೆಯನ್ನು ಬರೆದವನು ಸಾಲವಾಗಿ ಪಡೆಯುತ್ತಾನೆ. ವಂಚನೆಯ ಮೊದಲ ಮೆಟ್ಟಿಲು ಇದೇ.

ಹಳೆಯ ಬೆಂಗಳೂರಿನ ಒಂದು ಪ್ರಸಂಗ

ಅಂಚೆಯ ಮೂಲಕ ಬಹುಮಾನದ ಆಸೆಯನ್ನು ಹಂಚುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. 1950ರ ಸುಮಾರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ, ಮುಂಬಯಿ ಪ್ರಾಂತದಲ್ಲಿ ವಿಪುಲವಾಗಿ ಪ್ರಸಾರವಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧವೆಂಬ ಬಹುಮಾನ ಸ್ಪರ್ಧೆ ಬರುತ್ತಿತ್ತು. ಪ್ರವೇಶಶುಲ್ಕ ತೆತ್ತು, ಚೌಕಗಳನ್ನು ತುಂಬಿ ಕಳುಹಿಸಿ, ಫಲಿತಾಂಶಕ್ಕಾಗಿ ಕಾದವರು ಅಸಂಖ್ಯರು. ಈ ಸ್ಪರ್ಧೆಗೆ ಮುಂಬಯಿ ಸರ್ಕಾರ ತೆರಿಗೆ ಹಾಕಿದಾಗ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಒಂದೇ ಸುಳಿವಿಗೆ ಹಲವು ಪದಗಳು ಹೊಂದುವಂತಿದ್ದು, ಮೊದಲೇ ಗೊತ್ತುಮಾಡಿಟ್ಟ ಪದವನ್ನು ಊಹಿಸಿದವನು ಗೆಲ್ಲುವುದಾದರೆ, ಅದು ಪಾಂಡಿತ್ಯವಲ್ಲ, ಅದೃಷ್ಟ. 1957ರ ಏಪ್ರಿಲ್ 9ರಂದು ನ್ಯಾಯಾಲಯ ಆ ಸ್ಪರ್ಧೆ ಜೂಜಿನ ಸ್ವರೂಪದ್ದೆಂದೂ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲವೆಂದೂ ತೀರ್ಪಿತ್ತಿತು. ಅದಕ್ಕೂ ಮೊದಲೇ, 1955ರ ಬಹುಮಾನ ಸ್ಪರ್ಧೆಗಳ ಕಾಯಿದೆ ಇಂಥ ಸ್ಪರ್ಧೆಗಳ ಬಹುಮಾನದ ಒಟ್ಟು ಮೌಲ್ಯ ತಿಂಗಳಿಗೆ 1,000 ರೂಪಾಯಿಯನ್ನು ಮೀರಬಾರದೆಂದು ವಿಧಿಸಿತ್ತು.

ಆ ಕಾಲದ ಸ್ಪರ್ಧೆಗೂ ಈ ಕಾಲದ ಲಕೋಟೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂದಿನ ಓದುಗನಿಗೆ ತಾನು ಸ್ಪರ್ಧೆಗೆ ಸೇರಿದ್ದು ಗೊತ್ತಿತ್ತು. ಶುಲ್ಕ ಕೊಟ್ಟದ್ದು ಆಟವಾಡುವುದಕ್ಕೆ. ಸೋತರೆ ಅದು ಹೋಯಿತೆಂಬ ಅರಿವೂ ಇತ್ತು. ಇಂದಿನ ಪತ್ರ ಅವನು ಸೇರದ ಸ್ಪರ್ಧೆಯಲ್ಲಿ ಅವನನ್ನು ಗೆಲ್ಲಿಸಿಬಿಟ್ಟು, ಗೆದ್ದ ಮೇಲೆ ಶುಲ್ಕ ಕೇಳುತ್ತದೆ. ಜೂಜಿನಲ್ಲಿ ಹಣ ಮೊದಲು, ಗೆಲುವು ಆಮೇಲೆ. ಇಲ್ಲಿ ಗೆಲುವು ಮೊದಲು, ಹಣ ಆಮೇಲೆ. ಗೆದ್ದೆನೆಂದು ನಂಬಿದವನಿಗೆ ಆ ಹಣ ಪಣವಾಗಿ ಕಾಣುವುದಿಲ್ಲ. ತನ್ನದೇ ಸಂಪತ್ತನ್ನು ಬಿಡಿಸಿಕೊಳ್ಳುವ ಸಣ್ಣ ಖರ್ಚಾಗಿ ಕಾಣುತ್ತದೆ. ಅಪಾಯ ಇರುವುದು ಇಲ್ಲಿಯೇ.

ಪತ್ರವನ್ನು ಓದುವ ವ್ಯಾಕರಣ

ಪ್ರೌಢಶಾಲೆಯಲ್ಲಿ ಕಲಿತ ಕಾರಕಗಳನ್ನು ಬಹಳ ಮಂದಿ ಪರೀಕ್ಷೆಯ ಮರುದಿನವೇ ಮರೆತಿರುತ್ತಾರೆ. ಅವು ಈಗ ಉಪಯೋಗಕ್ಕೆ ಬರುತ್ತವೆ. ಒಂದು ಕ್ರಿಯೆ ನಿಜವಾಗಿ ನಡೆದಿದ್ದರೆ ಅದಕ್ಕೆ ಮಾಡಿದವನು, ಮಾಡಲ್ಪಟ್ಟದ್ದು, ಸಾಧನ, ಪಡೆಯುವವನು, ಹೊರಟ ಸ್ಥಳ, ನಡೆದ ದೇಶಕಾಲಗಳು ಇರಲೇಬೇಕು. ಬಹುಮಾನದ ಪತ್ರವನ್ನು ಮೇಜಿನ ಮೇಲೆ ಹರಡಿ ಈ ಆರು ಪ್ರಶ್ನೆಗಳನ್ನು ಕೇಳಿದರೆ ಅದರ ಬಣ್ಣ ಬಯಲಾಗುತ್ತದೆ.

ಮೊದಲನೆಯದು ಕರ್ತೃ: ಕೊಡುವವರು ಯಾರು? ಇಂಥ ಪತ್ರಗಳಿಗೆ ಕರ್ಮಣಿ ಪ್ರಯೋಗದ ಮೇಲೆ ವಿಶೇಷ ಪ್ರೀತಿ. ‘ತಮ್ಮನ್ನು ಆಯ್ಕೆ ಮಾಡಲಾಗಿದೆ’, ‘ಬಹುಮಾನವನ್ನು ಮಂಜೂರು ಮಾಡಲಾಗಿದೆ’. ಮಾಡಿದವರು ಯಾರೆಂಬುದು ವಾಕ್ಯದಲ್ಲಿ ಇರುವುದಿಲ್ಲ. ಇದ್ದರೂ, ಎಲ್ಲರೂ ಬಲ್ಲ ಯಾವುದೋ ದೊಡ್ಡ ಮಾರಾಟಸಂಸ್ಥೆಯ ಅಥವಾ ಬ್ಯಾಂಕಿನ ಹೆಸರನ್ನು ಕದ್ದು ಅಂಟಿಸಿರುತ್ತಾರೆ. ನೋಂದಾಯಿತ ಕಂಪನಿಗೆ 21 ಅಕ್ಷರಾಂಕಗಳ ಗುರುತಿನ ಸಂಖ್ಯೆಯೊಂದಿದೆ; ಅದು ಸ್ಥಾಪನೆಯಾದ ವರ್ಷ ಆ ಸಂಖ್ಯೆಯ ಒಳಗೇ ಇರುತ್ತದೆ. ‘ಇಪ್ಪತ್ತೈದು ವರ್ಷಗಳ ಸೇವೆ’ ಎಂದು ಸಾರುವ ಸಂಸ್ಥೆಯ ಸಂಖ್ಯೆಯಲ್ಲಿ ಕಳೆದ ವರ್ಷದ ಇಸವಿ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಜಿ.ಎಸ್.ಟಿ. ಸಂಖ್ಯೆಗೆ 15 ಅಕ್ಷರಾಂಕಗಳು. ಮೊದಲ ಎರಡು ರಾಜ್ಯವನ್ನು ಹೇಳುತ್ತವೆ, ಕರ್ನಾಟಕಕ್ಕೆ 29. ಇವೆರಡನ್ನೂ ಸರ್ಕಾರದ ಜಾಲತಾಣಗಳಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಪತ್ರದಲ್ಲೇ ಅಚ್ಚಾದ ದೂರವಾಣಿ ಸಂಖ್ಯೆಗೆ ಕರೆಮಾಡಿ ವಿಚಾರಿಸುವುದು ಮಾತ್ರ ವ್ಯರ್ಥ. ಕಳ್ಳನ ಸತ್ಯಸಂಧತೆಯನ್ನು ಕಳ್ಳನನ್ನೇ ಕೇಳಿದಂತೆ. ರಾಷ್ಟ್ರಲಾಂಛನವಾದ ಸಿಂಹಮುದ್ರೆ ಖಾಸಗಿ ಬಹುಮಾನದ ಪತ್ರದ ಮೇಲಿದ್ದರೆ ಪತ್ರವೇ ಅಪರಾಧವೆಂದು ತಿಳಿಯಬೇಕು. 2005ರ ಕಾಯಿದೆ ಅದರ ಅನುಚಿತ ಬಳಕೆಯನ್ನು ನಿಷೇಧಿಸಿದೆ.

ಎರಡನೆಯದು ಕರ್ಮ: ಕೊಡುವುದು ಏನನ್ನು? ದೊಡ್ಡ ಅಕ್ಷರದಲ್ಲಿ ‘ಪ್ರವಾಸ’ ಎಂದಿರುವುದು ಸಣ್ಣ ಅಕ್ಷರದಲ್ಲಿ ‘ಮೂರು ರಾತ್ರಿ, ನಾಲ್ಕು ಹಗಲು ಕೊಠಡಿ’ ಎಂದಾಗುತ್ತದೆ. ವಿಮಾನದ ದರ ತಮ್ಮದು, ಊಟ ತಮ್ಮದು, ಹಬ್ಬ, ರಜೆ, ವಾರಾಂತ್ಯಗಳಿಗೆ ಅನ್ವಯವಿಲ್ಲ, ಕೊಠಡಿ ಖಾಲಿಯಿದ್ದರೆ ಮಾತ್ರ, ಮೊದಲೇ ‘ಸಂಸ್ಕರಣಾ ಶುಲ್ಕ’ ಕಟ್ಟತಕ್ಕದ್ದು. ‘ಉಚಿತ ವಿಮಾನ ಟಿಕೆಟ್’ ಎಂದಿದ್ದರೂ ಅದು ಮೂಲದರಕ್ಕೆ ಮಾತ್ರ ಅನ್ವಯಿಸಿ, ತೆರಿಗೆ ಮತ್ತು ಇತರ ಶುಲ್ಕಗಳು ಪ್ರಯಾಣಿಕನ ಮೇಲೆಯೇ ಬೀಳುವುದುಂಟು. ನಿಜವಾದ ಟಿಕೆಟ್ಟು ಬಂದಿದೆಯೆಂದರೆ ಅದರಲ್ಲಿ ಆರು ಅಕ್ಷರಾಂಕಗಳ ಪಿ.ಎನ್.ಆರ್. ಇರುತ್ತದೆ. ವಿಮಾನಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಅದು ತೋರದಿದ್ದರೆ ಅದು ಟಿಕೆಟ್ಟಲ್ಲ, ಚಿತ್ರ.

ಮೂರನೆಯದು ಕರಣ: ಯಾವುದರಿಂದ ಈ ಆಯ್ಕೆ ನಡೆಯಿತು? ಯಾವ ಸ್ಪರ್ಧೆ, ಯಾವ ದಿನದ ಚೀಟಿ ಎತ್ತುವಿಕೆ, ಯಾರ ಸಮ್ಮುಖದಲ್ಲಿ? ಪ್ರವೇಶಪತ್ರ ತುಂಬದವನಿಗೆ ಬಹುಮಾನ ಬರುವುದು, ಬಿತ್ತದ ಹೊಲದಲ್ಲಿ ರಾಗಿ ಬೆಳೆದಂತೆ. ‘ಎಲ್ಲಿಯೋ ಒಂದು ಚೀಟಿ ತುಂಬಿದ್ದೆವಲ್ಲ’ ಎಂದು ಮನೆಯವರಿಗೆ ನೆನಪಾಗಬಹುದು. ಪೆಟ್ರೋಲ್ ಬಂಕಿನ ಬಳಿ, ವಸ್ತುಪ್ರದರ್ಶನದಲ್ಲಿ, ಮಳಿಗೆಯ ಬಾಗಿಲಲ್ಲಿ ನಗುಮೊಗದ ಯುವಕರು ತುಂಬಿಸಿಕೊಳ್ಳುವ ಆ ಚೀಟಿಯನ್ನು ಮತ್ತೊಮ್ಮೆ ಕಲ್ಪಿಸಿಕೊಳ್ಳಿ: ಹೆಸರು, ವಿಳಾಸ, ದೂರವಾಣಿ, ವಯಸ್ಸು, ವಿವಾಹವಾಗಿದೆಯೆ, ಕಾರು ಇದೆಯೆ, ವಾರ್ಷಿಕ ಆದಾಯವೆಷ್ಟು? ಅದೃಷ್ಟದ ಚೀಟಿಗೆ ಆದಾಯದ ವಿವರವೇಕೆ ಬೇಕು? ಅಲ್ಲಿ ಎತ್ತುತ್ತಿರುವುದು ಬಹುಮಾನದ ಚೀಟಿಯನ್ನಲ್ಲ, ಗಿರಾಕಿಯನ್ನು.

ನಾಲ್ಕನೆಯದು ಸಂಪ್ರದಾನ: ಯಾರಿಗೆ? ‘ಮಾನ್ಯ ಗ್ರಾಹಕರೇ’ ಎಂದು ಆರಂಭಿಸುವ ಪತ್ರ ಯಾರಿಗೂ ಬರೆದುದಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಅವರಿಗೂ ‘ಏಕೈಕ ವಿಜೇತ’ರೆಂಬ ಬಿರುದು ಬಂದಿರುವ ಸಂಭವವುಂಟು. ಇದೇ ಪ್ರಶ್ನೆಯನ್ನು ಹಣದ ವಿಷಯದಲ್ಲೂ ಕೇಳಬೇಕು: ಹಣ ಹೋಗುವುದು ಯಾರಿಗೆ? ಸಂಸ್ಥೆಯ ಹೆಸರಿನ ಪತ್ರ ಬಂದು, ಹಣ ಮಾತ್ರ ಯಾರೋ ವ್ಯಕ್ತಿಯ ಉಳಿತಾಯ ಖಾತೆಗೆ ಕಟ್ಟಬೇಕೆಂದರೆ ಮಾತು ಅಲ್ಲಿಗೆ ಮುಗಿಯಿತು.

ಐದನೆಯದು ಅಪಾದಾನ: ಎಲ್ಲಿಂದ? ಪತ್ರವನ್ನು ಓದಿ ಲಕೋಟೆಯನ್ನು ಎಸೆಯುವುದು ನಮ್ಮ ಮನೆಗಳ ವಾಡಿಕೆ. ಇಂಥ ಸಂದರ್ಭದಲ್ಲಿ ಪತ್ರಕ್ಕಿಂತ ಲಕೋಟೆ ಹೆಚ್ಚು ಸತ್ಯವಂತ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಸಂಖ್ಯೆಯ ಮೊದಲ ಅಂಕಿ ದೇಶದ ವಲಯವನ್ನು ಹೇಳುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ 5. ವಿಮಾನಪುರದ ಅಂಚೆಗೆ 560017. ಪಶ್ಚಿಮ ಬಂಗಾಳ, ಒಡಿಶಾ ಮತ್ತು ಈಶಾನ್ಯ ರಾಜ್ಯಗಳಿಗೆ 7. ಬೆಂಗಳೂರಿನ ಕಚೇರಿಯೆಂದು ಬರೆದುಕೊಂಡ ಪತ್ರ ಏಳರ ವಲಯದಿಂದ ಹೊರಟಿದ್ದರೆ ಕಾರಣ ಕೇಳಬೇಕು. ಸ್ಪೀಡ್ ಪೋಸ್ಟಿನ ಚೀಟಿಯ ಮೇಲಿರುವ 13 ಅಕ್ಷರಾಂಕಗಳನ್ನು ಅಂಚೆಯ ಜಾಲತಾಣದಲ್ಲಿ ಹಾಕಿದರೆ ಅದು ಯಾವ ಊರಿನ ಕಚೇರಿಯಲ್ಲಿ ದಾಖಲಾಯಿತೆಂಬುದು ತಿಳಿಯುತ್ತದೆ.

ಆರನೆಯದು ಅಧಿಕರಣ: ಎಲ್ಲಿ, ಯಾವಾಗ? ‘48 ಗಂಟೆಗಳೊಳಗಾಗಿ ಉತ್ತರಿಸದಿದ್ದರೆ ಬಹುಮಾನ ಬೇರೆಯವರ ಪಾಲು’ ಎಂಬ ಬೆದರಿಕೆ ಈ ಪತ್ರಗಳ ಪಲ್ಲವಿ. ಪ್ರಾಮಾಣಿಕ ದಾನಿಗೆ ಇಷ್ಟು ಆತುರವೇಕೆ? ಅವಸರ ಬೇಕಾಗಿರುವುದು ಕೊಡುವವನಿಗಲ್ಲ. ಪಡೆಯುವವನು ಮಗನನ್ನೋ ಅಳಿಯನನ್ನೋ ನೆರೆಯವನನ್ನೋ ಕೇಳಿಬಿಟ್ಟಾನೆಂಬ ಭಯವಿರುವವನಿಗೆ.

ಷಷ್ಠಿ ವಿಭಕ್ತಿ ಕಾರಕವಲ್ಲವೆಂಬುದು ವೈಯಾಕರಣರ ಮಾತು. ಅದು ಸಂಬಂಧವನ್ನು ಹೇಳುತ್ತದೆಯೇ ಹೊರತು ಕ್ರಿಯೆಯನ್ನಲ್ಲ. ‘ನಮ್ಮ ಕುಟುಂಬದ ಸದಸ್ಯರು’, ‘ನಮ್ಮ ಸಂಸ್ಥೆಯ ಆತ್ಮೀಯರು’ ಎಂದು ಮೊದಲ ಸಾಲಿನಲ್ಲೇ ನಂಟು ಬೆಸೆಯುವ ಪತ್ರಗಳಲ್ಲಿ ಷಷ್ಠಿಗೆ ಕೊರತೆಯಿಲ್ಲ. ಉಳಿದ ಆರಕ್ಕೆ ಉತ್ತರವಿಲ್ಲ.

ತೆರಿಗೆಯ ನೆಪ

ವಿದ್ಯಾವಂತರು ಮೋಸಹೋಗುವುದು ಸಾಮಾನ್ಯವಾಗಿ ತೆರಿಗೆಯ ಮಾತಿನಲ್ಲಿ. ಗೀರಿದ ಚೀಟಿಯಲ್ಲಿ ಬಹುಮಾನ ಕಂಡು ಕರೆಮಾಡಿದ ಕೂಡಲೇ ಅತ್ತಲಿಂದ ವಿನಯದ ದನಿ ಹೇಳುತ್ತದೆ: ‘ಬಹುಮಾನಕ್ಕೆ ತೆರಿಗೆ ಇದೆಯಷ್ಟೆ; ಅದನ್ನು ಮೊದಲು ಕಟ್ಟಿಬಿಡಿ.’ ಬಹುಮಾನಕ್ಕೆ ತೆರಿಗೆ ಇರುವುದು ನಿಜ. ಲಾಟರಿ ಮತ್ತು ಸ್ಪರ್ಧೆಗಳ ಗೆಲುವಿಗೆ ಆದಾಯತೆರಿಗೆಯ ಮೂಲದರ ಶೇಕಡ 30. ಸುಳ್ಳು ನಿಜದ ಅಂಗಿ ತೊಡುವುದು ಹೀಗೆ.

ಆದರೆ ಕಾನೂನಿನ ಕ್ರಮ ಬೇರೆ. ಬಹುಮಾನ ನಗದಾಗಿದ್ದರೆ ಕೊಡುವವನೇ ತೆರಿಗೆಯನ್ನು ಮುರಿದುಕೊಂಡು ಉಳಿದುದನ್ನು ಕೊಡತಕ್ಕದ್ದು. ಗೆದ್ದವನು ಕೈಯಿಂದ ಮುಂಗಡ ಹಾಕಬೇಕಿಲ್ಲ. ಕಾರು, ಪ್ರವಾಸ ಮೊದಲಾದ ವಸ್ತುರೂಪದ ಬಹುಮಾನವಾದರೆ, ತೆರಿಗೆ ಸಂದಾಯವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಬಿಟ್ಟುಕೊಡಬೇಕೆಂಬ ನಿಯಮವಿದೆ. ಇದೊಂದೇ ಸಂದರ್ಭದಲ್ಲಿ ಗೆದ್ದವನ ಮೇಲೆ ಭಾರ ಬೀಳುವುದುಂಟು. ಆಗಲೂ ಆ ಹಣ ಸೇರಬೇಕಾದುದು ಸರ್ಕಾರದ ಖಜಾನೆಗೆ, ಗೆದ್ದವನ ಪ್ಯಾನ್ ಸಂಖ್ಯೆಯ ಲೆಕ್ಕಕ್ಕೆ. ಅದಕ್ಕೆ ರಸೀತಿಯುಂಟು, ಆದಾಯತೆರಿಗೆಯ ಜಾಲತಾಣದಲ್ಲಿ ಅವನ ಹೆಸರಿನಲ್ಲಿ ದಾಖಲೆಯುಂಟು. ‘ತೆರಿಗೆಯ ಹಣವನ್ನು ನಮ್ಮ ವ್ಯವಸ್ಥಾಪಕರ ಮೊಬೈಲ್ ಸಂಖ್ಯೆಗೆ ಹಾಕಿ’ ಎನ್ನುವವನು ತೆರಿಗೆ ವಸೂಲಿ ಮಾಡುತ್ತಿಲ್ಲ, ಅವನದು ಹಗಲುದರೋಡೆ.

ಲಾಟರಿಯ ಮಾತಿಗೆ ಬಂದರೆ, ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ. ‘ನಿಮ್ಮ ರಾಜ್ಯದಲ್ಲಿ ನಿಷೇಧವಿರುವುದರಿಂದ ವಿಶೇಷ ಅನುಮತಿಗೆ ಇಷ್ಟು ಕಟ್ಟಿ’ ಎನ್ನುವ ಜಾಣರೂ ಇದ್ದಾರೆ. ನಿಷೇಧವನ್ನು ಬಿಡಿಸುವ ರಸೀತಿ ಎಲ್ಲಿಯೂ ಮಾರಾಟಕ್ಕಿಲ್ಲ. ವಿದೇಶದ ಲಾಟರಿ ಬಂದಿದೆಯೆನ್ನುವ ಪತ್ರಕ್ಕಂತೂ ಉತ್ತರವೇ ಬೇಡ; ಲಾಟರಿಯಲ್ಲಿ ಭಾಗವಹಿಸಲು ವಿದೇಶಕ್ಕೆ ಹಣ ಕಳುಹಿಸುವುದನ್ನು ನಮ್ಮ ವಿದೇಶೀ ವಿನಿಮಯದ ನಿಯಮಗಳೇ ನಿಷೇಧಿಸಿವೆ.

ಒಮ್ಮೆ ಕೊಟ್ಟವನನ್ನು ಮತ್ತೊಮ್ಮೆ ಕೇಳುವುದು ಸುಲಭ. ಮೊದಲು ನೋಂದಣಿ, ಆಮೇಲೆ ತೆರಿಗೆ, ಆಮೇಲೆ ವಿಮೆ, ಆಮೇಲೆ ‘ಹಿಂದಿರುಗಿಸುವ ಠೇವಣಿ’. ಪ್ರತಿ ಮೆಟ್ಟಿಲಿನಲ್ಲೂ ಇದೇ ಕೊನೆಯದೆಂಬ ಭರವಸೆ. ಹೋದ ಹಣವನ್ನು ಉಳಿಸಿಕೊಳ್ಳಲು ಇದ್ದ ಹಣ ಹೋಗುತ್ತದೆ. ಅಂಚೆಯಲ್ಲಿ ಬಂದ ಗೀರುಚೀಟಿಯನ್ನು ನಂಬಿ ಬೆಂಗಳೂರಿನ ಮಹಿಳೆಯೊಬ್ಬರು ಸುಮಾರು 18 ಲಕ್ಷ ರೂಪಾಯಿ ಕಳೆದುಕೊಂಡ ಪ್ರಕರಣ 2023ರಲ್ಲಿ ವರದಿಯಾಯಿತು. ಅಷ್ಟು ಹಣ ಒಂದೇ ದಿನ ಒಂದೇ ಮಾತಿಗೆ ಹೋಗುವಂಥದಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಹೋಗುವುದೇ ಈ ವಿದ್ಯೆಯ ಮರ್ಮ. ಉಡುಗೊರೆ ಹಣವನ್ನೇ ಕೇಳದೆ ಹಣವನ್ನು ಒಯ್ಯುವುದೂ ಉಂಟು. ವಿಮಾನಪುರದಿಂದ ಪೂರ್ವಕ್ಕಿರುವ ವೈಟ್‌ಫೀಲ್ಡಿನ ತಂತ್ರಜ್ಞರೊಬ್ಬರಿಗೆ ಬ್ಯಾಂಕಿನ ಉಡುಗೊರೆಯೆಂಬ ಹೆಸರಿನಲ್ಲಿ ಹೊಸ ಮೊಬೈಲ್ ಫೋನೊಂದು ಮನೆಗೆ ಬಂತು. ಅದಕ್ಕೆ ಸಿಮ್ ಹಾಕಿದ ಮೇಲೆ ಅವರ ಖಾತೆಯಿಂದ 2.8 ಕೋಟಿ ರೂಪಾಯಿ ಮಾಯವಾಯಿತು. 2025ರ ಜನವರಿಯಲ್ಲಿ ವರದಿಯಾದ ಪ್ರಕರಣವಿದು. ಓದು, ಹುದ್ದೆ, ತಂತ್ರಜ್ಞಾನದ ಪರಿಚಯ, ಯಾವುದೂ ತಾನಾಗಿ ರಕ್ಷೆಯಲ್ಲವೆಂಬುದಕ್ಕೆ ಇಷ್ಟು ಸಾಕು.

ಹೋಟೆಲಿನ ಹಾಲಿನಲ್ಲಿ

ಇದುವರೆಗೆ ಹೇಳಿದುದು ಶುದ್ಧ ವಂಚನೆ. ಇನ್ನೊಂದು ಬಗೆಯಲ್ಲಿ ವಂಚನೆಯೆಂದು ಬೆರಳು ತೋರಿಸುವುದು ಕಷ್ಟ. ಅಲ್ಲಿ ಸಂಸ್ಥೆ ನಿಜ, ಕಚೇರಿ ನಿಜ, ಪ್ರವಾಸದ ಚೀಟಿಯೂ ಒಂದು ಬಗೆಯಲ್ಲಿ ನಿಜ. ‘ಬಹುಮಾನ ಪಡೆಯಲು ದಂಪತಿಗಳಿಬ್ಬರೂ ಭಾನುವಾರ ಸಂಜೆ ಇಂಥ ಹೋಟೆಲಿಗೆ ದಯಮಾಡಿಸಬೇಕು’ ಎಂದು ಆಹ್ವಾನ. ಇಬ್ಬರೂ ಏಕೆ? ಒಬ್ಬರೇ ಬಂದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದುಹೋಗುವ ದಾರಿ ಉಳಿದಿರುತ್ತದೆ. ಇಬ್ಬರನ್ನೂ ಕೂರಿಸಿದರೆ ಆ ದಾರಿ ಮುಚ್ಚುತ್ತದೆ.

ಅಲ್ಲಿ ತಣ್ಣನೆಯ ಪಾನೀಯ, ಮೃದುವಾದ ಸಂಗೀತ, ಗೋಡೆಯ ಮೇಲೆ ಬೆಟ್ಟ ಕಡಲುಗಳ ಚಿತ್ರ. ‘ಕಳೆದ ಐದು ವರ್ಷಗಳಲ್ಲಿ ಮಕ್ಕಳನ್ನು ಎಷ್ಟು ಬಾರಿ ಪ್ರವಾಸಕ್ಕೆ ಕರೆದೊಯ್ದಿರಿ?’ ಎಂಬ ಪ್ರಶ್ನೆ. ಉತ್ತರ ಹೇಳುವಾಗ ತಂದೆಯ ತಲೆ ತಗ್ಗುತ್ತದೆ. ಪ್ರಶ್ನೆಯನ್ನು ಹೆಣೆದುದೂ ಅದಕ್ಕಾಗಿಯೇ. ಎರಡು ಮೂರು ಗಂಟೆಗಳ ಮಾತಿನ ಕೊನೆಗೆ ಹತ್ತೋ ಇಪ್ಪತ್ತೈದೋ ವರ್ಷಗಳ ರಜಾಸದಸ್ಯತ್ವದ ಕರಾರುಪತ್ರ ಮೇಜಿನ ಮೇಲಿರುತ್ತದೆ. ‘ಈ ದರ ಇಂದು ಸಂಜೆಗೆ ಮಾತ್ರ.’ ಕ್ರೆಡಿಟ್ ಕಾರ್ಡಿನಿಂದ ಮುಂಗಡ ಹೋಗುತ್ತದೆ. ಉಳಿದುದು ಮಾಸಿಕ ಕಂತು. ಅದರ ಮೇಲೆ ಪ್ರತಿವರ್ಷ ಏರುವ ನಿರ್ವಹಣಾ ಶುಲ್ಕ. ಬಹುಮಾನದ ಪ್ರವಾಸಕ್ಕಾಗಿ ಹೋದವರು ಸಾಲದೊಡನೆ ಮನೆಗೆ ಬರುತ್ತಾರೆ. ಮಾರಾಟಗಾರ ಬಾಯಲ್ಲಿ ಹೇಳಿದ ಸೌಕರ್ಯಗಳಲ್ಲಿ ಎಷ್ಟು ಕರಾರಿನಲ್ಲಿ ಇಲ್ಲವೆಂಬುದು, ಶಾಲೆಗೆ ರಜೆ ಬಂದು ಕೊಠಡಿ ಕೇಳಿದ ದಿನ ತಿಳಿಯುತ್ತದೆ.

ಇಂಥ ವ್ಯವಹಾರಕ್ಕೆ ಯುರೋಪಿನ ಒಕ್ಕೂಟ 2009ರಲ್ಲಿ ಒಂದು ನಿಯಮ ಮಾಡಿತು: ಸಹಿ ಹಾಕಿದವನು 14 ದಿನಗಳೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಪಡೆಯುವಂತಿಲ್ಲ, ಆಹ್ವಾನದಲ್ಲೇ ‘ಇದು ಮಾರಾಟದ ಸಭೆ’ ಎಂದು ತಿಳಿಸಿರಬೇಕು. ನಮ್ಮಲ್ಲಿ ಇದಕ್ಕೆಂದೇ ಇರುವ ಪ್ರತ್ಯೇಕ ಕಾಯಿದೆಯಿಲ್ಲ. ಆದುದರಿಂದ ಆ 14 ದಿನಗಳನ್ನು ಸಹಿಗೆ ಮುಂಚೆ ತಾವೇ ತೆಗೆದುಕೊಳ್ಳುವುದು ವಿವೇಕ. ‘ಕರಾರಿನ ಪ್ರತಿಯನ್ನು ಕೊಡಿ, ಮನೆಯಲ್ಲಿ ಓದಿ ಬರುತ್ತೇವೆ’ ಎಂಬ ಒಂದು ವಾಕ್ಯ ಸಾಕು. ಪ್ರಾಮಾಣಿಕರು ಕೊಡುತ್ತಾರೆ, ಉಳಿದವರ ನಗೆ ಮಾಯವಾಗುತ್ತದೆ.

ಪುಕ್ಕಟೆಯ ನಿಜವಾದ ಬೆಲೆ

ವಿಮಾನಯಾನವನ್ನು ನಿಜವಾಗಿಯೂ ಪುಕ್ಕಟೆಯಾಗಿ ಹಂಚಹೊರಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲೊಂದು ನಿದರ್ಶನವಿದೆ. 1992ರಲ್ಲಿ ಹೂವರ್ ಕಂಪನಿ, 100 ಪೌಂಡಿಗಿಂತ ಹೆಚ್ಚಿನ ವಸ್ತು ಕೊಂಡವರಿಗೆ ಹೋಗಿಬರುವ ಎರಡು ವಿಮಾನ ಟಿಕೆಟ್ಟುಗಳನ್ನು ಕೊಡುವುದಾಗಿ ಸಾರಿತು. ಮೊದಲು ಯುರೋಪಿಗೆ, ಅನಂತರ ಅಮೆರಿಕಕ್ಕೆ. ಜನ ಟಿಕೆಟ್ಟಿಗಾಗಿಯೇ ಧೂಳುಯಂತ್ರಗಳನ್ನು ಕೊಂಡರು. ಮಾತು ಉಳಿಸಿಕೊಳ್ಳಲಾಗದೆ ಕಂಪನಿ ನ್ಯಾಯಾಲಯಗಳನ್ನು ಹತ್ತಬೇಕಾಯಿತು. ನಷ್ಟ ಸುಮಾರು 5 ಕೋಟಿ ಪೌಂಡುಗಳೆಂದು ಲೆಕ್ಕ. 1995ರಲ್ಲಿ ಅದರ ಯುರೋಪಿನ ವ್ಯವಹಾರವನ್ನೇ ಮಾಲೀಕರು ಮಾರಿಬಿಟ್ಟರು. ಜಗತ್ಪ್ರಸಿದ್ಧ ಕಂಪನಿಯೊಂದಕ್ಕೆ ತಾಳಲಾಗದ ದಾನವನ್ನು, ಹೆಸರು ಕೇಳರಿಯದ ಸಂಸ್ಥೆಯೊಂದು ಗುರುತಿಲ್ಲದ ಸಾವಿರಾರು ಮನೆಗಳಿಗೆ ಹೇಗೆ ಮಾಡೀತು?

ಮೋಸದ ಪತ್ರದ ವಂಶಾವಳಿಯೂ ದೀರ್ಘವಾದುದು. ಸ್ಪೇನಿನ ಸೆರೆಮನೆಯಲ್ಲಿರುವ ಶ್ರೀಮಂತನನ್ನು ಬಿಡಿಸಲು ಸ್ವಲ್ಪ ಹಣ ಕಳುಹಿಸಿದರೆ ನಿಧಿಯಲ್ಲಿ ಪಾಲು ದೊರೆಯುವುದೆಂಬ ಪತ್ರಗಳು 19ನೆಯ ಶತಮಾನದಲ್ಲೇ ದೇಶದೇಶಗಳನ್ನು ಸುತ್ತಿದುವು. ಅಂಚೆಯ ಮೂಲಕ ವಂಚಿಸುವುದನ್ನು ಅಮೆರಿಕ 1872ರಲ್ಲೇ ಅಪರಾಧವೆಂದು ಘೋಷಿಸಿತು. ಬಹುಮಾನದ ಪತ್ರಗಳಲ್ಲಿ ‘ಕೊಳ್ಳುವ ಅಗತ್ಯವಿಲ್ಲ; ಕೊಂಡರೆ ಗೆಲ್ಲುವ ಸಂಭವ ಹೆಚ್ಚುವುದಿಲ್ಲ’ ಎಂದು ಎದ್ದುಕಾಣುವಂತೆ ಅಚ್ಚುಹಾಕಬೇಕೆಂದು 1999ರಲ್ಲಿ ಮತ್ತೊಂದು ಕಾಯಿದೆ ಮಾಡಿತು. ಕತೆ ಬದಲಾಗಿದೆ, ‘ಬಹಳ ಬರುವುದಕ್ಕಾಗಿ ಸ್ವಲ್ಪ ಕೊಡು’ ಎಂಬ ತಿರುಳು ಬದಲಾಗಿಲ್ಲ.

ಮಾಡತಕ್ಕದ್ದೇನು?

ಹಣ ಕೊಟ್ಟಿಲ್ಲವಾದರೆ ಮಾಡಬೇಕಾದುದು ಅತ್ಯಲ್ಪ. ಉತ್ತರಿಸಬಾರದು, ಆಧಾರ್, ಪ್ಯಾನ್, ಬ್ಯಾಂಕು ಪುಸ್ತಕಗಳ ಪ್ರತಿ ಕಳುಹಿಸಬಾರದು, ಅಂಚೆಯಲ್ಲಿ ಬಂದ ಚೌಕಾಕಾರದ ಕ್ಯೂ.ಆರ್. ಗುರುತನ್ನು ಕುತೂಹಲಕ್ಕೂ ಫೋನಿಗೆ ತೋರಿಸಬಾರದು. ಯು.ಪಿ.ಐ.ಯಲ್ಲಿ ಹಣ ಪಡೆಯಲು ಗುಪ್ತಸಂಖ್ಯೆ ಬೇಕಿಲ್ಲ. ಗುಪ್ತಸಂಖ್ಯೆ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಮನೆಯ ಹಿರಿಯರಿಗೂ, ಅಡುಗೆಮನೆಯಲ್ಲಿ ಫೋನ್ ಹಿಡಿದ ಗೃಹಿಣಿಗೂ ಇದೊಂದು ಸೂತ್ರ ಬಾಯಿಪಾಠವಾಗಿರಬೇಕು.

ಹಣ ಹೋಗಿದ್ದರೆ ಕಾಲವೇ ಧನ. ಕೂಡಲೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮುನ್ನ ತಡೆಹಿಡಿಯುವ ಸಂಭವವಿರುವುದು ಮೊದಲ ಗಂಟೆಗಳಲ್ಲಿ. ಸೈಬರ್ ಅಪರಾಧಗಳ ರಾಷ್ಟ್ರೀಯ ಜಾಲತಾಣದಲ್ಲಿಯೂ, ನಗರದ ಪ್ರತಿ ಪೊಲೀಸ್ ವಿಭಾಗದಲ್ಲಿರುವ ಸಿ.ಇ.ಎನ್. ಠಾಣೆಯಲ್ಲಿಯೂ ದೂರು ಕೊಡಬಹುದು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆರಂಭವಾದುದು ಬೆಂಗಳೂರಿನಲ್ಲಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ವಂಚನೆಯನ್ನು ದಂಡಿಸುತ್ತದೆ.

ಹೋಟೆಲಿನ ಹಾಲಿನಲ್ಲಿ ಸಹಿ ಹಾಕಿದವರಿಗೂ ದಾರಿಯಿದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನದ ಆಸೆ ತೋರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಹೆಸರಿಸಿದೆ. ಸಂಸ್ಥೆಯ ಕಚೇರಿ ಎಲ್ಲಿಯೇ ಇರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಸಲಹೆಗೆ 1915 ಎಂಬ ಗ್ರಾಹಕ ಸಹಾಯವಾಣಿಯಿದೆ. ‘ಕಳೆದ ಹಣವನ್ನು ಮರಳಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕೊಡಿ’ ಎಂದು ವಕೀಲರ, ಅಧಿಕಾರಿಗಳ ವೇಷದಲ್ಲಿ ಬರುವವರಿಂದ ಮಾತ್ರ ದೂರವಿರಬೇಕು. ಅವರು ಸಾಮಾನ್ಯವಾಗಿ ಮೊದಲಿನವರ ದಾಯಾದಿಗಳೇ.

ಈ ವಂಚನೆಯ ಅತಿ ದೊಡ್ಡ ಬೆಂಬಲಿಗ ಅಂಚೆಯೂ ಅಲ್ಲ, ಫೋನೂ ಅಲ್ಲ, ನಾಚಿಕೆ. ನಿವೃತ್ತಿಯ ಗ್ರಾಚ್ಯುಯಿಟಿಯಲ್ಲಿ ಒಂದು ಪಾಲನ್ನು ಹೀಗೆ ಕಳೆದುಕೊಂಡ ತಂದೆ ಮಗನಿಗೆ ಹೇಳುವುದಿಲ್ಲ. ಹೆಂಡತಿ ಗಂಡನಿಗೆ ಹೇಳುವುದಿಲ್ಲ. ಹೇಳಿದರೆ ಮನೆಯವರ ಮೊದಲ ಮಾತು ‘ಇಷ್ಟೂ ತಿಳಿಯಲಿಲ್ಲವೆ?’ ಎಂಬುದಾಗಿರುತ್ತದೆ. ಆ ಒಂದು ಮಾತಿನ ಭಯಕ್ಕೆ ಮೊದಲ ಗಂಟೆಗಳು ಕಳೆದುಹೋಗುತ್ತವೆ, ಎರಡನೆಯ ಕಂತೂ ಮೂರನೆಯ ಕಂತೂ ಗುಟ್ಟಾಗಿ ಹೋಗುತ್ತದೆ. ಬಯ್ಯುವುದನ್ನು ನಾಳೆಗಿಟ್ಟು ಇಂದು 1930ಕ್ಕೆ ಕರೆಮಾಡುವ ಮನೆ ತನ್ನ ಹಣವನ್ನೂ ತನ್ನ ಹಿರಿಯರ ಮಾನವನ್ನೂ ಉಳಿಸಿಕೊಳ್ಳುತ್ತದೆ.

ಪ್ರವಾಸದ ಆಸೆ ಅಪರಾಧವಲ್ಲ. ತಿಂಗಳಿಗಿಷ್ಟೆಂದು ಬ್ಯಾಂಕಿನ ಆವರ್ತ ಠೇವಣಿಯಲ್ಲಿಟ್ಟು, ಎರಡು ವರ್ಷ ಕಾದು, ರೈಲಿನಲ್ಲೋ ವಿಮಾನದಲ್ಲೋ ತಾವೇ ಆರಿಸಿದ ಊರಿಗೆ, ತಾವೇ ಗೊತ್ತುಮಾಡಿದ ದಿನ ಹೊರಡುವ ಸಂಸಾರಕ್ಕೆ ಯಾರ ಅಭಿನಂದನೆಯ ಪತ್ರವೂ ಬೇಕಿಲ್ಲ. ಬಹುಮಾನವೆಂಬುದು ಪಡೆದವನಿಂದ ಏನನ್ನೂ ಕೇಳುವುದಿಲ್ಲ; ಕೇಳಿತೆಂದರೆ ಅದಕ್ಕೆ ಬೇರೆ ಹೆಸರಿದೆ.